ಕುಬೇರನ ಊರಲ್ಲಿ ವ್ಯಾಪಾರ ಕಲಿತದ್ದು

1990ರ ಸೆಪ್ಟೆಂಬರಿನಲ್ಲಿ ನೂರು ಯೆನ್ ಅಂದರೆ ಹೆಚ್ಚುಕಡಿಮೆ ಹದಿಮೂರು ರೂಪಾಯಿ. ಜಪಾನಿನ ಬೀದಿಬದಿಯ ಯಂತ್ರಕ್ಕೆ ನೂರರ ನಾಣ್ಯ ಒಂದು ಹಾಕಿದರೆ ದಡಕ್ಕನೆ ಒಂದು ಡಬ್ಬಿ ಕಾಫಿ ಬೀಳುತ್ತಿತ್ತು. ಅದೇ ದುಡ್ಡಿಗೆ ತಿಪಟೂರಿನಲ್ಲಿ ಮೂರು ಜನ ಮಸಾಲೆ ದೋಸೆ ತಿಂದು ಬರಬಹುದಿತ್ತು. ಹೀಗಾಗಿ ಏನನ್ನೇ ಕೊಳ್ಳಲಿ, ಮೊದಲು ಮನಸ್ಸಿನಲ್ಲೇ ಎಂಟರಿಂದ ಭಾಗಿಸುತ್ತಿದ್ದೆ. ಭಾಗಿಸಿದ ಮೇಲೆ ಕೊಳ್ಳುವ ಆಸೆ ತಾನಾಗಿಯೇ ಇಳಿಯುತ್ತಿತ್ತು. ಈಗ ನೂರು ಯೆನ್‌ಗೆ ಐವತ್ತೈದು, ಅರವತ್ತು ರೂಪಾಯಿ. ಕಾಫಿ ಡಬ್ಬಿಗೂ ಬೆಂಗಳೂರಿನ ಮಸಾಲೆ ದೋಸೆಗೂ ಬೆಲೆಯಲ್ಲಿ ಅಂಥ ಜಗಳವೇನೂ ಉಳಿದಿಲ್ಲ.

ನಾನು ಹೋದದ್ದು ಎಂ.ಬಿ.ಎ. ಓದಲು. ನಿಮ್ಮ ಕಾಲಕ್ಕೆ ಇದರಲ್ಲಿ ವಿಶೇಷವೇನೂ ಕಾಣಿಸದು. ಆಗ ನಮ್ಮ ಕಡೆಯಿಂದ ಹೊರದೇಶಕ್ಕೆ ಓದಲು ಹೋಗುವವರೆಲ್ಲ ಅಮೆರಿಕದ ದಾರಿ ಹಿಡಿಯುತ್ತಿದ್ದರು, ಅದೂ ಬಹುಪಾಲು ಎಂಜಿನಿಯರುಗಳು. ನನಗೆ ಹಿಡಿದಿದ್ದು ಜಪಾನಿನ ಹುಚ್ಚು. ರಸ್ತೆಯಲ್ಲಿ ಮಾರುತಿ, ಹೀರೋ ಹೋಂಡಾ, ಆರ್‌ಎಕ್ಸ್ 100. ಅಪ್ಪಾಜಿಯ ಕೈಯಲ್ಲಿ ಎಚ್‌ಎಂಟಿ ವಾಚು, ಅದೂ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಕಲಿಸಿಕೊಟ್ಟ ವಿದ್ಯೆಯೇ. ಸೋನಿ ಕಂಪನಿಯ ಅಕಿಯೋ ಮೊರಿತಾ ಬರೆದ ‘ಮೇಡ್ ಇನ್ ಜಪಾನ್’ ಪುಸ್ತಕವನ್ನು ಅವೆನ್ಯೂ ರಸ್ತೆಯಲ್ಲಿ ಮೂವತ್ತು ರೂಪಾಯಿಗೆ ಕೊಂಡು, ಪೆನ್ಸಿಲಿನಿಂದ ಗೆರೆ ಎಳೆದೆಳೆದು ಓದಿದ್ದೆ. ಗೆರೆ ಬೀಳದ ಸಾಲೇ ಉಳಿದಿರಲಿಲ್ಲ, ಹಾಗಾಗಿ ಮುಖ್ಯವಾದದ್ದು ಯಾವುದೆಂದು ಆಮೇಲೆ ತಿಳಿಯುತ್ತಿರಲಿಲ್ಲ.

ಅಪ್ಪಾಜಿಯದು ಕೊಬ್ಬರಿ ಮಂಡಿ. ಕಿರ್ದಿ, ಖತಾವಣಿ ಎರಡನ್ನೂ ತಾವೇ ಬರೆಯುತ್ತಿದ್ದರು. ಮಂಡಿಯ ತುಂಬ ಒಣಕೊಬ್ಬರಿಯ ಎಣ್ಣೆವಾಸನೆ, ಗೋಣಿಯ ದೂಳು. ವಿಷಯ ತಿಳಿಸಿದಾಗ ಅವರು ಕಿರ್ದಿಯಿಂದ ತಲೆ ಎತ್ತದೆಯೇ, “ವ್ಯಾಪಾರ ಕಲಿಯೋಕೆ ಮಂಡಿ ಬಿಟ್ಟು ಹೋಗ್ತಾರೇನೋ?” ಅಂದರು. ನನ್ನ ಪರವಾಗಿ ಬಂದವರು ಹೈಸ್ಕೂಲಿನ ಮೇಷ್ಟ್ರು. “ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ರು ಸಾಹುಕಾರ್ರೇ” ಎಂಬ ಒಂದೇ ಮಾತಿಗೆ ಅಪ್ಪಾಜಿ ಮೆತ್ತಗಾದರು. ವಿಶ್ವೇಶ್ವರಯ್ಯನವರ ಹೆಸರಿಗೆ ನಮ್ಮ ಕಡೆ ಎದುರು ಮಾತಿರಲಿಲ್ಲ. ಓದಿಗೆ ವಿದ್ಯಾರ್ಥಿವೇತನ ಸಿಕ್ಕಿತ್ತು, ವಿಮಾನದ ಟಿಕೇಟಿಗೆ ಮಾತ್ರ ಅವ್ವನ ಅಡ್ಡಿಕೆ ಗಿರವಿಗೆ ಹೋಯಿತು.

ನರಿತಾ ವಿಮಾನ ನಿಲ್ದಾಣದ ಕಸ್ಟಮ್ಸಿನವರು ಕೊಬ್ಬರಿ ಚಟ್ನಿಪುಡಿಯನ್ನು ಮೂಸಿ ನೋಡಿ ಬಿಟ್ಟರು. ಹುರಿಹಿಟ್ಟನ್ನೂ ಬಿಟ್ಟರು. ಸಿಕ್ಕಿಹಾಕಿಕೊಂಡದ್ದು ವಿಭೂತಿ ಗಟ್ಟಿ. ಬಿಳಿಯ ಬಣ್ಣ, ವಾಸನೆಯಿಲ್ಲ, ಉಜ್ಜಿದರೆ ಪುಡಿ. ಕೈಗವಸು ಹಾಕಿದ್ದ ಅಧಿಕಾರಿ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಇನ್ನಿಬ್ಬರನ್ನು ಕರೆದರು. ನನಗೆ ಜಪಾನಿ ಬಾರದು, ಅವರಿಗೆ ನನ್ನ ಇಂಗ್ಲಿಷ್ ತಿಳಿಯದು. ಕೊನೆಗೆ ಅಲ್ಲೇ ನಿಂತು ಹಣೆಗೆ ಮೂರು ಬೆರಳಿನಿಂದ ಎಳೆದುಕೊಂಡು ಕೈಮುಗಿದೆ. ಮೂವರೂ ಸೊಂಟ ಬಗ್ಗಿಸಿ ವಂದಿಸಿ, ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ಎರಡು ಕೈಯಲ್ಲೂ ಹಿಡಿದು ಕೊಟ್ಟರು.

ನನ್ನ ವಿಶ್ವವಿದ್ಯಾಲಯ ಇದ್ದದ್ದು ಟೋಕಿಯೋದಲ್ಲಲ್ಲ, ನೀಗಾತಾ ಪ್ರಾಂತ್ಯದ ಉರಾಸಾ ಎಂಬ ಹಳ್ಳಿಯಲ್ಲಿ. ಆ ಕಡೆಯ ಬುಲೆಟ್ ರೈಲು ಆಗಿನ್ನೂ ಟೋಕಿಯೋ ನಿಲ್ದಾಣಕ್ಕೆ ಬರುತ್ತಿರಲಿಲ್ಲ, ಊಎನೋದಲ್ಲಿ ಹತ್ತಬೇಕಿತ್ತು. ಬೆಟ್ಟದೊಳಗೆ ಇಪ್ಪತ್ತೆರಡು ಕಿಲೋಮೀಟರಿನ ಸುರಂಗ. ಚಳಿಗಾಲದಲ್ಲಿ ಈಚೆ ಬಿಸಿಲು, ಆಚೆ ಆಳುದ್ದ ಹಿಮ. ನೊಬೆಲ್ ಪಡೆದ ಕವಾಬಾತಾ ಅವರ ‘ಹಿಮದ ನಾಡು’ ಕಾದಂಬರಿ ನಡೆಯುವುದು ಅಲ್ಲೇ ಪಕ್ಕದ ಯುಜಾವಾದಲ್ಲಿ. ಉರಾಸಾದಂಥ ಸಣ್ಣ ಊರಿನಲ್ಲಿ ಬುಲೆಟ್ ರೈಲು ಏಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ನಿಲ್ದಾಣದ ಎದುರಿಗೇ ಕಂಚಿನಲ್ಲಿ ಕೈ ಎತ್ತಿ ನಿಂತಿತ್ತು. ಆ ಕಡೆಯಿಂದ ಗೆದ್ದು ಪ್ರಧಾನಿಯಾಗಿದ್ದ ತನಾಕಾ ಕಾಕುಯೇಯಿ. ತಮ್ಮ ಊರಿಗೆ ರೈಲು ತಂದುಕೊಳ್ಳುವ ರಾಜಕಾರಣಿಗಳು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದ ನನಗೆ ಅದೊಂದು ಸಮಾಧಾನ.

ಅಂತಾರಾಷ್ಟ್ರೀಯ ವಿಶ್ವವಿದ್ಯಾಲಯ ಎಂದು ಅದರ ಹೆಸರು. 1982ರಲ್ಲಿ ಜಪಾನಿನ ಉದ್ಯಮಿಗಳೆಲ್ಲ ಸೇರಿ ಕಟ್ಟಿದ್ದು, ಬರೀ ಸ್ನಾತಕೋತ್ತರ ಓದಿಗೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ವ್ಯವಹಾರಾಡಳಿತದ ವಿಭಾಗವನ್ನು 1988ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲಿನ ಸಹಾಯದಿಂದ ಶುರುಮಾಡಿದ್ದರು. ಭತ್ತದ ಗದ್ದೆಗಳ ನಡುವೆ ನಾಲ್ಕಾರು ಕಟ್ಟಡ, ಮತ್ಸುಶಿತಾ ಹೆಸರಿನ ಗ್ರಂಥಾಲಯ, ಹಾಸ್ಟೆಲು. ಅರ್ಧ ಜನ ತಮ್ಮ ತಮ್ಮ ಕಂಪನಿಗಳೇ ಸಂಬಳ ಕೊಟ್ಟು ಕಳಿಸಿದ್ದ ಜಪಾನೀಯರು, ಉಳಿದವರು ನಾವು: ಇಂಡೋನೇಷ್ಯಾ, ಥಾಯ್ಲೆಂಡ್, ಚೀನಾ, ಬರ್ಮಾ, ಅಮೆರಿಕದವರು. ಬೆಳಿಗ್ಗೆ ಲೆಕ್ಕಶಾಸ್ತ್ರ, ಹಣಕಾಸು, ಮಾರಾಟಶಾಸ್ತ್ರ. ಮಧ್ಯಾಹ್ನ ಜಪಾನಿ ಭಾಷೆ. ರಜೆಯಲ್ಲಿ ರೈತರ ಮನೆವಾಸ, ಬೇಸಿಗೆಯಲ್ಲಿ ಕಂಪನಿವಾಸ.

ಇಂಥ ಮಿಶ್ರಣ ಜಪಾನಿನವರದೇ ಕಲ್ಪನೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಅರಿಜೋನಾದ ಥಂಡರ್‌ಬರ್ಡ್ ವಿಮಾನಪಟ್ಟಿಯನ್ನು 1946ರಲ್ಲಿ ಶಾಲೆ ಮಾಡಿ, ವ್ಯಾಪಾರದ ಜೊತೆಗೆ ಭಾಷೆ, ಅನ್ಯದೇಶದ ನಡೆನುಡಿ ಕಲಿಸಲು ಅಮೆರಿಕದವರು ಮೊದಲು ಮಾಡಿದರು. 1957ರಲ್ಲಿ ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋದಲ್ಲಿ ಇನ್ಸಿಯಾಡ್ ಬಂತು. 1983ರಲ್ಲಿ ವಾರ್ಟನ್ ಸ್ಕೂಲಿನ ಮಗ್ಗುಲಲ್ಲಿ ಲೌಡರ್ ಸಂಸ್ಥೆ ಹುಟ್ಟಿತು, ಅಲ್ಲಿ ಎಂ.ಬಿ.ಎ. ಜೊತೆಗೆ ಇನ್ನೊಂದು ಎಂ.ಎ. ಪದವಿಯೂ ಸಿಗುತ್ತದೆ. ಇವನ್ನೆಲ್ಲ ನಾನು ತಿಳಿದದ್ದು ಉರಾಸಾದ ಗ್ರಂಥಾಲಯದಲ್ಲಿ. ಮೊದಲೇ ತಿಳಿದಿದ್ದರೆ ಫ್ರಾನ್ಸಿಗೆ ಅರ್ಜಿ ಹಾಕಿರುತ್ತಿದ್ದೆನೇನೋ, ಬೆಣ್ಣೆ ಬ್ರೆಡ್ಡಾದರೂ ಸಿಗುತ್ತಿತ್ತು.

ಊಟದ ಪಾಡು ಹೇಳಿದರೆ ನಗುತ್ತೀರಿ. ಮಾಂಸ ತಿನ್ನುವುದಿಲ್ಲ ಎಂದರೆ ಮಾಂಸ ಹಾಕುತ್ತಿರಲಿಲ್ಲ, ಮೀನು ಹಾಕುತ್ತಿದ್ದರು. ಮೀನೂ ಬೇಡ ಎಂದರೆ ಮೀನಿನ ತುಂಡು ತೆಗೆದು ಮೀನಿನ ಸಾರು ಉಳಿಸುತ್ತಿದ್ದರು. ಒಣಮೀನಿನ ಹೆರಕಲು ಬೀಳದ ಸಾರೇ ಆ ದೇಶದಲ್ಲಿರಲಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ನಾನೇ ಬೇಯಿಸಿಕೊಂಡೆ: ಅನ್ನ, ಎಲೆಕೋಸು, ಅವ್ವನ ಚಟ್ನಿಪುಡಿ. ಒಗ್ಗರಣೆಗೆ ಸಾಸಿವೆ ಸಿಡಿಸಿದ ದಿನ ಬೆಂಕಿಯ ಎಚ್ಚರಿಕೆಯ ಗಂಟೆ ಹೊಡೆದುಕೊಂಡು ಇಡೀ ಮಹಡಿಯೇ ಅಂಗಳಕ್ಕೆ ಇಳಿಯಿತು. ಬರ್ಮಾದ ಗೆಳೆಯ ಮಾತ್ರ ಇಳಿಯಲಿಲ್ಲ, ವಾಸನೆ ಹಿಡಿದು ತಟ್ಟೆ ಸಮೇತ ಬಂದ.

ಭಾಷೆ ಕಲಿಸಿದವರು ಐವತ್ತು ದಾಟಿದ ಒಬ್ಬ ಹೆಂಗಸು. ತರಗತಿಯಲ್ಲಿ ಒಂದು ಅಕ್ಷರ ಇಂಗ್ಲಿಷ್ ಆಡುತ್ತಿರಲಿಲ್ಲ. ಅಮೆರಿಕದ ಸಹಪಾಠಿಗಳು ಕ್ರಿಯಾಪದವನ್ನು ವಾಕ್ಯದ ಕೊನೆಗೆ ತಳ್ಳಲು ಒದ್ದಾಡುತ್ತಿದ್ದರೆ, ನನ್ನದು ತಾನಾಗಿಯೇ ಕೊನೆಗೆ ಹೋಗಿ ಕೂರುತ್ತಿತ್ತು. ‘ಹೋಗಿ, ನೋಡಿ, ತಂದು, ಕೊಟ್ಟೆ’ ಎಂದು ನಾವು ಪೋಣಿಸುವ ರೀತಿಯಲ್ಲೇ ಅವರೂ ಪೋಣಿಸುತ್ತಾರೆ. ಸೆನ್ಸೆ, ಅಂದರೆ ನಮ್ಮ ಗುರುಗಳು, ನನ್ನನ್ನು ಹೊಗಳಿದರು, ನಾನು ಅದನ್ನು ನನ್ನ ಜಾಣತನವೆಂದೇ ಬಹಳ ಕಾಲ ನಂಬಿದ್ದೆ. ತಿಪಟೂರಿನ ಯಾವ ಹುಡುಗನನ್ನು ಕೂರಿಸಿದ್ದರೂ ಅಷ್ಟು ಮಾಡುತ್ತಿದ್ದ. ಚೀನಾ ಮೂಲದ ಕಾಂಜಿ ಅಕ್ಷರಗಳು ಬಂದಾಗ ನನ್ನ ಜಂಬವೆಲ್ಲ ಇಳಿಯಿತು. ದಿನಬಳಕೆಗೆಂದು ಸರ್ಕಾರ ಗೊತ್ತುಮಾಡಿದ್ದು 1,945 ಅಕ್ಷರ. ಚೌಕುಳಿ ನೋಟುಪುಸ್ತಕದಲ್ಲಿ ತಿದ್ದಿ ತಿದ್ದಿ ಬೆರಳಿಗೆ ಗಂಟು ಬಂತು. 2010ರಲ್ಲಿ ಆ ಪಟ್ಟಿಯನ್ನು 2,136ಕ್ಕೆ ಏರಿಸಿದರು. ಕಲಿಯುವವರ ಮೇಲೆ ಯಾವ ಸರ್ಕಾರಕ್ಕೂ ಕರುಣೆಯಿಲ್ಲ.

ಹಿಮ ಬೀಳುವ ಮೊದಲು ಊರಿನವರು ಕಿಟಕಿಗಳಿಗೆ ಹಲಗೆ ಹೊಡೆದರು. ಏಕೆಂದು ಜನವರಿಯಲ್ಲಿ ಗೊತ್ತಾಯಿತು: ನೆಲಮಹಡಿಯೇ ಹಿಮದಲ್ಲಿ ಹೂತುಹೋಯಿತು. ರಸ್ತೆಯ ನಡುವೆ ಕೊಳವೆ ಹೂತು ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುತ್ತಿದ್ದರು, ನೀರಿನ ಕಬ್ಬಿಣದ ಅಂಶಕ್ಕೆ ರಸ್ತೆಯೆಲ್ಲ ಕೆಮ್ಮಣ್ಣಿನ ಬಣ್ಣ. ಜಗತ್ತಿಗೆ ಟಿ.ವಿ., ಕಾರು ಮಾರುವ ದೇಶದಲ್ಲಿ ಎಲ್ಲವೂ ಗುಂಡಿ ಒತ್ತಿದರೆ ಆಗುತ್ತದೆ ಎಂದುಕೊಂಡು ಹೋದವನನ್ನು ಮನೆಮನೆಯಲ್ಲೂ ಎದುರುಗೊಂಡದ್ದು ಸೀಮೆಎಣ್ಣೆಯ ಒಲೆ, ಸೀಮೆಎಣ್ಣೆಯ ವಾಸನೆ. ನಮ್ಮೂರಲ್ಲಿ ರೇಷನ್ ಅಂಗಡಿಯ ಮುಂದೆ ಡಬ್ಬ ಹಿಡಿದು ನಿಲ್ಲುತ್ತಿದ್ದೆವು, ಅಲ್ಲಿ ಸೀಮೆಎಣ್ಣೆಯ ಗಾಡಿ ಹಾಡು ಹಾಕಿಕೊಂಡು ಮನೆಬಾಗಿಲಿಗೆ ಬರುತ್ತಿತ್ತು. ವ್ಯತ್ಯಾಸ ಅಷ್ಟೇ.

ಹೊಸವರ್ಷಕ್ಕೆ ನನ್ನನ್ನು ಒಬ್ಬ ರೈತನ ಮನೆಗೆ ಕಳಿಸಿದರು. ಅಜ್ಜ, ಅಜ್ಜಿ ಇಬ್ಬರೇ. ಪಡಸಾಲೆಗೆ ಜೊಂಡಿನ ಚಾಪೆ, ಅಟ್ಟದ ತುಂಬ ಹಳೆಯ ಸಾಮಾನು, ಅಡುಗೆಮನೆಯ ನಾಗಂದಿಗೆಯ ಮೇಲೆ ಉಪ್ಪು ಹಾಕಿದ ಊಮೆ ಎಂಬ ಹುಳಿಕಾಯಿಯ ಭರಣಿಗಳು. ಬೆಂದ ಅಂಟಕ್ಕಿಯನ್ನು ಒರಳಿಗೆ ಸುರಿದು ಅಜ್ಜ ಮರದ ಕೊಡತಿಯಿಂದ ಹೊಡೆದರು. ಎರಡು ಏಟಿನ ನಡುವೆ ಅಜ್ಜಿ ಕೈ ನೀರಿಗದ್ದಿ ಹಿಟ್ಟು ಮಗುಚುತ್ತಿದ್ದರು. ಕೊಡತಿ ನನ್ನ ಕೈಗೆ ಬಂದಾಗ ಅಜ್ಜಿ ತಮ್ಮ ಕೈ ತೆಗೆದು ದೂರ ನಿಂತರು. ನನ್ನ ಬಗ್ಗೆ ಇಷ್ಟು ಬೇಗ ಸರಿಯಾದ ಅಂದಾಜು ಮಾಡಿದವರು ಆ ದೇಶದಲ್ಲಿ ಬೇರೆ ಇಲ್ಲ.

ಅಜ್ಜ ಬೆಳೆಯುತ್ತಿದ್ದುದು ಕೋಶಿಹಿಕಾರಿ ಅಕ್ಕಿ. ಉಓನುಮಾ ಕಣಿವೆಯ ಆ ಅಕ್ಕಿಗೆ ಜಪಾನಿನಲ್ಲೇ ಹೆಚ್ಚಿನ ಬೆಲೆ. ನಮ್ಮ ಅನ್ನ ಉದುರುದುರಾಗಿ ಇರುತ್ತದೆ ಎಂದಾಗ ಅವರು ನನ್ನನ್ನು ಬರಗಾಲದ ದೇಶದಿಂದ ಬಂದವನ ಹಾಗೆ ನೋಡಿ ಇನ್ನೊಂದು ಬಟ್ಟಲು ಬಡಿಸಿದರು. ಹೊರದೇಶದ ಅಕ್ಕಿಯ ಒಂದು ಕಾಳೂ ಒಳಗೆ ಬರಬಾರದು ಎಂಬುದು ಅವರ ರಾಜಕೀಯ, ಅರ್ಥಶಾಸ್ತ್ರ ಎರಡೂ. 1993ರ ತಣ್ಣನೆಯ ಬೇಸಿಗೆಯಲ್ಲಿ ಬೆಳೆ ಕೈಕೊಟ್ಟು ಥಾಯ್ಲೆಂಡಿನ ಅಕ್ಕಿ ತರಿಸಲೇಬೇಕಾಯಿತು. 2025ರಲ್ಲಂತೂ ಐದು ಕಿಲೋ ಅಕ್ಕಿ ನಾಲ್ಕು ಸಾವಿರ ಯೆನ್ ದಾಟಿ, ಜಪಾನೀಯರು ಅಂಗಡಿಯಲ್ಲಿ ಅಮೆರಿಕದ ಅಕ್ಕಿ ಹುಡುಕಿದರು.

ಊರಿನ ದೇವಸ್ಥಾನ ಬಿಶಾಮೊನ್ ದೇವರದು. ಗ್ರಂಥಾಲಯದಲ್ಲಿ ಹುಡುಕಿ ನೋಡಿದರೆ ಈ ಬಿಶಾಮೊನ್ ಬೇರಾರೂ ಅಲ್ಲ, ನಮ್ಮ ವೈಶ್ರವಣ, ಅಂದರೆ ಕುಬೇರ. ಬೌದ್ಧರ ಜೊತೆ ಚೀನಾ ಹಾದು ಅಲ್ಲಿಗೆ ಹೋಗಿ ಕವಚ ತೊಟ್ಟು ನಿಂತಿದ್ದ. ಮಾರ್ಚ್ 3ರ ಜಾತ್ರೆಯ ರಾತ್ರಿ ಗಂಡಸರು ಲಂಗೋಟಿಯಷ್ಟೇ ಉಟ್ಟು, ತಣ್ಣೀರಿನಲ್ಲಿ ಮಿಂದು, ದೊಡ್ಡ ದೊಡ್ಡ ಮೇಣದ ಬತ್ತಿಗಳ ಬೆಳಕಿನಲ್ಲಿ ಗುಡಿಯೊಳಗೆ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಹೊರಗೆ ಹಿಮ, ಒಳಗೆ ಬೆವರಿನ ಹಬೆ. ಸಹಪಾಠಿಗಳು ಕೆಲವರು ಇಳಿದರು. ನಾನು ಎರಡು ಸ್ವೆಟರ್ ಹಾಕಿಕೊಂಡು ನೋಡಿದೆ. ಊರದೇವರು ಕುಬೇರ ಎಂದು ಮನೆಗೆ ಕಾಗದ ಬರೆದೆ. ಅಪ್ಪಾಜಿಯಿಂದ ಉತ್ತರ ಬಂತು: “ಹಾಗಾದರೆ ಸ್ಕೂಲು ಸರಿಯಾದ ಜಾಗದಲ್ಲೇ ಇದೆ.”

ಬೇಸಿಗೆಯಲ್ಲಿ ಟೋಕಿಯೋ ಹೊರವಲಯದ ಒಂದು ಬಿಡಿಭಾಗಗಳ ಕಾರ್ಖಾನೆಗೆ ಹೋದೆ. ಬೆಳಿಗ್ಗೆ ರೇಡಿಯೋದ ಪಿಯಾನೋಗೆ ಎಲ್ಲರೂ ಕೈಕಾಲು ಆಡಿಸುತ್ತಿದ್ದರು. ಆಫೀಸಿನಲ್ಲಿ ಪ್ರತಿ ಮೇಜಿನ ಮೇಲೂ ಬೂದಿಬಟ್ಟಲು, ಗಾಳಿಯಲ್ಲಿ ಸಿಗರೇಟಿನ ಹೊಗೆ, ಫ್ಯಾಕ್ಸ್ ಕಾಗದದ ವಾಸನೆ. ಯಾವ ಕಾಗದವೇ ಆಗಲಿ ಐದಾರು ಜನರ ಕೆಂಪು ಮೊಹರು ಬೀಳದೆ ಮುಂದೆ ಹೋಗದು. ಸಂಜೆ ಎಲ್ಲರೂ ಕುಡಿಯಲು ಹೋಗುವುದು, ಲೆಕ್ಕ ಸಮಪಾಲು, ತಲೆಗೆ ನಾಲ್ಕು ಸಾವಿರ ಯೆನ್. ನಾನು ತಿನ್ನುತ್ತಿದ್ದುದು ಉಪ್ಪುನೀರಿನಲ್ಲಿ ಬೇಯಿಸಿದ ಹಸಿ ಸೋಯಾ ಕಾಯಿ, ಕುಡಿಯುತ್ತಿದ್ದುದು ಕಿತ್ತಳೆ ರಸ. ಜೂನಿನಲ್ಲಿ ಆ ಕಾಯಿಯ ಬೆಲೆ ಆರುನೂರು ರೂಪಾಯಿ ಬಿದ್ದಿತ್ತು. ಜುಲೈ 1 ಮತ್ತು 3ರಂದು ದೆಹಲಿಯಲ್ಲಿ ರೂಪಾಯಿಯ ಮೌಲ್ಯ ಇಳಿಸಿದರು. ಅದೇ ಅಂಗಡಿಯ ಅದೇ ಕಾಯಿ ಏಳುನೂರೈವತ್ತಾಯಿತು. ಅಪಮೌಲ್ಯದ ಬಗ್ಗೆ ನಾನು ಓದಿದ ಯಾವ ಪಾಠವೂ ಇಷ್ಟು ಚೆನ್ನಾಗಿ ತಲೆಗೆ ಹೋಗಿಲ್ಲ. ಆದರೆ ಆ ಕುಡಿತದ ಮೇಜಿನಲ್ಲೇ ನನ್ನ ಜಪಾನಿ ಭಾಷೆ ಪುಸ್ತಕದಿಂದ ಇಳಿದು ಬಾಯಿಗೆ ಬಂದದ್ದು. ಮೂರನೇ ಗ್ಲಾಸಿನ ಮೇಲೆ ಅವರು ವ್ಯಾಕರಣ ನೋಡುತ್ತಿರಲಿಲ್ಲ.

ಅದೇ ಜುಲೈ ತಿಂಗಳಲ್ಲಿ ಭಾರತ ನಲವತ್ತೇಳು ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಒತ್ತೆಯಿಟ್ಟು ನಲವತ್ತು ಕೋಟಿ ಡಾಲರ್ ಸಾಲ ತಂದಿತು. ರಜೆ ಮುಗಿದು ಹೋದರೆ ತರಗತಿಯಲ್ಲಿ ಅದೇ ಉದಾಹರಣೆ. ಪ್ರಾಧ್ಯಾಪಕರು ಹಲಗೆಯ ಮೇಲೆ ನಮ್ಮ ದೇಶದ ಪಾವತಿಬಾಕಿ ಬರೆದು, ಮುಜುಗರದಿಂದ ನನ್ನ ಕಡೆ ನೋಡಿದರು. ಮುಜುಗರಪಡುವಂಥದ್ದು ನನಗೇನೂ ಕಾಣಲಿಲ್ಲ. ನಮ್ಮ ಕಡೆ ಬಂಗಾರ ಇರುವುದೇ ಕಷ್ಟಕಾಲದಲ್ಲಿ ಗಿರವಿ ಇಡಲು. ಬ್ಯಾಂಕೊಂದರಿಂದ ಬಂದಿದ್ದ ಜಪಾನಿ ಸಹಪಾಠಿಗೆ ಅವ್ವನ ಅಡ್ಡಿಕೆಯ ವಿಷಯ ಹೇಳಿದೆ. ಆತ ಬಡ್ಡಿ ಎಷ್ಟು ಎಂದು ಕೇಳಿ ಬರೆದುಕೊಂಡ. ದೇಶ ತನ್ನ ಸಾಲವನ್ನು ಬೇಗನೇ ತೀರಿಸಿತು. ಅಡ್ಡಿಕೆ ಬಿಡಿಸಲು ಅದಕ್ಕಿಂತ ತಡವಾಯಿತು.

ಆಗ ನಾವು ಕಲಿತ ಜಪಾನು ಸೋಲರಿಯದ ಜಪಾನು. ಜೀವಮಾನದ ನೌಕರಿ, ಬ್ಯಾಂಕು-ಕಂಪನಿಗಳ ಬಳಗ, ಹಿರಿತನದ ಸಂಬಳ, ಇವೇ ನಾಳಿನ ಜಗತ್ತಿನ ದಾರಿ ಎಂದು ಅಮೆರಿಕದ ಪ್ರಾಧ್ಯಾಪಕರೇ ಹೇಳುತ್ತಿದ್ದರು. ಟೋಕಿಯೋ ಷೇರುಪೇಟೆಯ ನಿಕ್ಕೇಯಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ಕ್ಕೆ ಮುಟ್ಟಿ, ನಾನು ಉರಾಸಾಗೆ ಕಾಲಿಡುವಷ್ಟರಲ್ಲಿ ಅರ್ಧದ ಹತ್ತಿರಕ್ಕೆ ಬಿದ್ದಿತ್ತು. ಇದು ತಾತ್ಕಾಲಿಕ ಎಂದು ನಾನೂ ಒಂದು ಪ್ರಬಂಧ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಸೂಚ್ಯಂಕ ಮತ್ತೆ ಆ ಎತ್ತರಕ್ಕೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ.

1992ರಲ್ಲಿ ವಾಪಸು ಬಂದಾಗ ನನ್ನ ಜಪಾನಿ ಭಾಷೆಗೆ ಗಿರಾಕಿಗಳಿರಲಿಲ್ಲ. ಒಂದು ರಫ್ತು ಕಂಪನಿಯಲ್ಲಿ ಇಂಗ್ಲಿಷಿನಲ್ಲೇ ಕಾಗದ ಬರೆಯುತ್ತ ಕೂತೆ. ಅಪ್ಪಾಜಿ ಬಂದವರಿಗೆಲ್ಲ, “ಇವನಿಗೆ ಜಪಾನಿ ಬರುತ್ತೆ, ಆದರೆ ಕೇಳೋಕೆ ಇಲ್ಲಿ ಜಪಾನಿನವರು ಬೇಕಲ್ಲ” ಎನ್ನುತ್ತಿದ್ದರು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಬಿಡದಿಗೆ ಬಂತು. ಅದರ ಬೆನ್ನಿಗೆ ಬಿಡಿಭಾಗ ಮಾಡುವವರೂ ಬಂದರು. ಕನ್ನಡ, ಜಪಾನಿ, ಲೆಕ್ಕ ಮೂರೂ ಬಲ್ಲವರು ಬೇಕೆಂದು ಹುಡುಕಿಕೊಂಡು ಬಂದಾಗ ನನ್ನ ವಯಸ್ಸು ಮೂವತ್ತು ದಾಟಿತ್ತು. ಅಲ್ಲಿಂದ ಮುಂದೆ ನನ್ನ ಮನೆ ನಡೆಸಿದ್ದು ಮಧ್ಯಾಹ್ನದ ತರಗತಿ, ಬೆಳಗಿನದಲ್ಲ.

ಒಂದು ಆಯುಧಪೂಜೆಯ ದಿನ ಹೇಳುತ್ತೇನೆ. ಬಿಡದಿಯಲ್ಲಿ ನಾನು ಸೇರಿದ ಕಾರ್ಖಾನೆಯ ನೆಲವನ್ನು ಹಿಂದಿನ ದಿನವೆಲ್ಲ ಉಜ್ಜಿ ಕನ್ನಡಿ ಮಾಡಿದ್ದರು. ಜಪಾನಿ ಮುಖ್ಯಸ್ಥರಿಗೆ ಅದನ್ನು ನೋಡಿ ಬಲು ಸಂತೋಷ. ಅಷ್ಟರಲ್ಲಿ ನಮ್ಮ ಹುಡುಗರು ಕುಂಕುಮ ತುಂಬಿದ ಬೂದುಗುಂಬಳ ಹೊತ್ತು ತಂದು ಯಂತ್ರದ ಮುಂದೆ ಒಡೆಯಲು ನಿಂತರು. ಮುಖ್ಯಸ್ಥರ ಮುಖ ಬಿಳಿಚಿತು. ನಾನು ಇಬ್ಬರ ನಡುವೆ ನಿಂತೆ. ಸ್ವಚ್ಛತೆಯೂ ಪೂಜೆಯೇ ಎಂದು ಹುಡುಗರಿಗೆ, ಒಡೆಯದಿದ್ದರೆ ನಾಳೆ ಯಾರೂ ಯಂತ್ರ ಮುಟ್ಟುವುದಿಲ್ಲ ಎಂದು ಅವರಿಗೆ ಹೇಳಿದೆ. ಕೊನೆಗೆ ಹಳದಿ ಗೆರೆಯ ಆಚೆ ತಗಡು ಹಾಸಿ ಅದರ ಮೇಲೆ ಒಡೆಯುವುದೆಂದು ತೀರ್ಮಾನವಾಯಿತು. ಮರುವರ್ಷ ಮುಖ್ಯಸ್ಥರು ತಗಡಿನ ಅಳತೆ, ಇಡುವ ಜಾಗ, ಗುಡಿಸುವವರ ಹೆಸರು ಎಲ್ಲವನ್ನೂ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಕುಂಬಳಕಾಯಿಯ ತೂಕವನ್ನೂ ಬರೆದಿದ್ದರು.

ಈಚೆಗೆ ಉರಾಸಾಗೆ ಹೋಗಿ ಬಂದೆ. ಉರಾಸಾ ಸೇರಿದ್ದ ಯಾಮಾತೋ ಪಟ್ಟಣ 2004ರಲ್ಲಿ ಮಿನಾಮಿ-ಉಓನುಮಾ ನಗರದಲ್ಲಿ ಸೇರಿಹೋಗಿದೆ. ತನಾಕಾ ಪ್ರತಿಮೆಯ ತಲೆಯ ಮೇಲೆ ಹಿಮ ಬೀಳದಂತೆ ಸೂರು ಹಾಕಿಸಿದ್ದಾರೆ. ಅಜ್ಜ ಅಜ್ಜಿ ಇಲ್ಲ, ಮಕ್ಕಳು ಟೋಕಿಯೋ ಕಡೆ, ಗದ್ದೆ ಬೇರೆಯವರ ಗುತ್ತಿಗೆಗೆ. ಅರಿಜೋನಾದ ಥಂಡರ್‌ಬರ್ಡ್ ಶಾಲೆಯೂ ಹಳೆಯ ವಿಮಾನಪಟ್ಟಿ ಬಿಟ್ಟು, ರಾಜ್ಯದ ವಿಶ್ವವಿದ್ಯಾಲಯದ ಭಾಗವಾಗಿ ಫೀನಿಕ್ಸ್ ನಗರದ ನಡುವೆ ಹೋಗಿ ಕೂತಿದೆ. ಇರಲಿ, ಕಟ್ಟಡಗಳಿಗೂ ವಯಸ್ಸಾಗುತ್ತದೆ.

ಉರಾಸಾದಲ್ಲಿ ಓದುತ್ತಿದ್ದ ಹಾಸನದ ಹುಡುಗಿಯೊಬ್ಬಳು ಸಿಕ್ಕಳು. ನಾವು ಸಾವಿರ ಯೆನ್ ಕಾರ್ಡು ತೂರಿಸಿ ಹಸಿರು ಫೋನಿನಲ್ಲಿ ಉಸಿರು ಬಿಗಿಹಿಡಿದು ಮಾತಾಡುತ್ತಿದ್ದ ಕಾಲ ಅವಳಿಗೆ ಕಥೆ. ದಿನಾ ಸಂಜೆ ಅಮ್ಮನ ಅಡುಗೆಮನೆಯನ್ನು ಫೋನಿನಲ್ಲೇ ನೋಡುತ್ತಾಳೆ. ಹೋಟೆಲಿನ ಪಟ್ಟಿಗೆ ಕ್ಯಾಮೆರಾ ಹಿಡಿದರೆ ಮೀನು ಯಾವುದರಲ್ಲಿದೆ ಎಂದು ಅದೇ ಹೇಳುತ್ತದೆ. “ಜಪಾನಿ ಕ್ಲಾಸಿಗೆ ಹೋಗ್ತಿದ್ದೀಯೇನಮ್ಮ?” ಎಂದು ಕೇಳಿದೆ. “ಹೋಗ್ತೀನಿ ಅಂಕಲ್, ಆದ್ರೆ ಆಪ್ ಇದೆಯಲ್ಲ” ಅಂದಳು. ನಾನು ವಾದ ಮಾಡಲಿಲ್ಲ. ಆ ಯಂತ್ರ ನನ್ನ ಕಾಲದಲ್ಲಿದ್ದಿದ್ದರೆ ನಾನೂ ಕಾಂಜಿ ತಿದ್ದುತ್ತಿರಲಿಲ್ಲ. ಬಿಡದಿಯಲ್ಲಿ ನನಗೆ ಕೆಲಸವೂ ಸಿಗುತ್ತಿರಲಿಲ್ಲ, ಅದು ಬೇರೆ ಮಾತು.

ನಿಮ್ಮಲ್ಲಿ ಯಾರಾದರೂ ಹೀಗೆ ಹೋಗುವವರಿದ್ದರೆ ಮೂರು ಮಾತು. ಮಧ್ಯಾಹ್ನದ ಭಾಷಾ ತರಗತಿಯನ್ನು ನಿದ್ದೆಗೆ ಕೊಡಬೇಡಿ. ಕುಡಿಯದಿದ್ದರೂ ಕುಡಿಯುವವರ ಜೊತೆ ಹೋಗಿ, ಸೋಯಾ ಕಾಯಿಯ ಲೆಕ್ಕವನ್ನು ಓದಿನ ಖರ್ಚಿಗೆ ಬರೆದುಕೊಳ್ಳಿ. ಉರಾಸಾಗೇ ಹೋಗುವುದಾದರೆ ಮೊಳಕಾಲು ಮುಚ್ಚುವ ರಬ್ಬರ್ ಬೂಟನ್ನು ನವೆಂಬರಿನೊಳಗೆ ಕೊಂಡುಬಿಡಿ, ಹಿಮ ಬಿದ್ದ ಮೇಲೆ ಸಣ್ಣ ಪಾದದವರ ಅಳತೆ ಅಂಗಡಿಯಲ್ಲಿ ಉಳಿದಿರುವುದಿಲ್ಲ.